ಐದು ಸೆಂಟಿಮೀಟರ್ ಎದೆ

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಅಧಿಸೂಚನೆ ಹೊರಬಿತ್ತೆಂದರೆ ಬಳ್ಳಾರಿಯ ಮೈದಾನಗಳಲ್ಲಿ ನಸುಕಿನ ಐದಕ್ಕೇ ಜಾತ್ರೆ ನೆರೆಯುತ್ತದೆ. ಸಿರುಗುಪ್ಪ, ಕುರುಗೋಡು, ಮೋಕಾ, ಸಂಡೂರು ಕಡೆಯಿಂದ ಬಂದು, ನಾಲ್ಕೈದು ಜನ ಸೇರಿ ಒಂದು ಬಾಡಿಗೆ ಕೋಣೆ ಹಿಡಿದು, ಸರದಿಯಂತೆ ಅನ್ನ ಬೇಯಿಸಿಕೊಳ್ಳುವ ಹುಡುಗರು. ಎತ್ತರ 168 ಸೆಂ.ಮೀ. ಇರಬೇಕು, ಎದೆ ಪೂರ್ತಿ ಉಬ್ಬಿದಾಗ 86 ಸೆಂ.ಮೀ. ಮುಟ್ಟಬೇಕು, ಅದರಲ್ಲಿ ಹಿಗ್ಗಿದ್ದು ಕನಿಷ್ಠ 5 ಸೆಂ.ಮೀ. ಆಗಿರಬೇಕು, 1600 ಮೀಟರ್ ಓಟ ಆರೂವರೆ ನಿಮಿಷದೊಳಗೆ ಮುಗಿಯಬೇಕು. ಎತ್ತರ ಹಣೆಬರಹ, ಓಟ ಅಭ್ಯಾಸ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಎದೆಯ ವಿಷಯಕ್ಕೆ ಬಂದರೆ ಮಾತ್ರ ಊರಿಗೊಂದು ಶಾಸ್ತ್ರ, ಕೋಣೆಗೊಬ್ಬ ಪಂಡಿತ. ಒಬ್ಬ ದಿನವಿಡೀ ಬಲೂನು ಊದುತ್ತಾನೆ, ಒಬ್ಬ ಹಾಲಿಗೆ ಹಸಿ ಮೊಟ್ಟೆ ಒಡೆದು ಕುಡಿಯುತ್ತಾನೆ, ಮತ್ತೊಬ್ಬ ಅಪ್ಪ ಮೆಣಸಿನಕಾಯಿ ಮಾರಿ ಕಳಿಸಿದ ದುಡ್ಡನ್ನೆಲ್ಲ ಪ್ರೋಟೀನ್ ಡಬ್ಬಿಗೆ ಸುರಿಯುತ್ತಾನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಸೀಟಿ, ಸ್ಟಾಪ್‌ವಾಚ್, ಟೇಪು ಇನ್ನೂ ಕೈಬಿಟ್ಟಿಲ್ಲ. ಬೆಳಿಗ್ಗೆ ಮೈದಾನಕ್ಕೆ ಹೋಗಿ ನಿಂತರೆ ಹುಡುಗರು ತಾವಾಗಿಯೇ ಅಂಗಿ ಬಿಚ್ಚಿ ಸಾಲು ಹಚ್ಚುತ್ತಾರೆ. ಪ್ರತಿಯೊಬ್ಬನದೂ ಒಂದೇ ಪ್ರಶ್ನೆ: ‘ಸರ್, ನನ್ನ ಶ್ವಾಸಕೋಶ ಸಣ್ಣದೋ ಏನೋ, ನಾಲ್ಕರ ಮೇಲೆ ಹೋಗುತ್ತಿಲ್ಲ.’ ಅವರಿಗೆ ದಿನವೂ ಬಾಯಲ್ಲಿ ಹೇಳುವುದನ್ನು ಇಲ್ಲಿ ಬರೆದಿಡುತ್ತೇನೆ. ನಿನ್ನ ಶ್ವಾಸಕೋಶದ ಗೊಡವೆ ಟೇಪಿಗೆ ಇಲ್ಲ ತಮ್ಮ. ಅದು ಅಳೆಯುವುದು ಅದರ ಸುತ್ತಲಿನ ಗೋಡೆಯನ್ನು, ಆ ಗೋಡೆಯ ಕೀಲುಗಳು ಎಷ್ಟು ಸಲೀಸಾಗಿ ಆಡುತ್ತವೆ ಎಂಬುದನ್ನು.

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯೇ ಇಲ್ಲ. ಉಸಿರೆಳೆದುಕೊಳ್ಳುವ ಸ್ನಾಯು ಅದರಲ್ಲಿ ಒಂದೂ ಇಲ್ಲ. ಬಿಟ್ಟರೆ ಕುಗ್ಗುವುದೇ ಅದರ ಸ್ವಭಾವ. ಗೋಡೆಗೋ, ಬಿಟ್ಟರೆ ಹೊರಕ್ಕೆ ಅರಳುವ ಸ್ವಭಾವ. ಇವೆರಡರ ನಡುವೆ ಪ್ಲೂರಾ ಎಂಬ ಎರಡು ಪದರದ ತೆಳು ಪೊರೆ, ಪದರಗಳ ಮಧ್ಯೆ ಜಾರಿಕೆಗೆ ಬೇಕಾದಷ್ಟು ಮಾತ್ರ ನೀರು. ಒಂದು ಒಳಕ್ಕೆ, ಇನ್ನೊಂದು ಹೊರಕ್ಕೆ ಎಳೆಯುವುದರಿಂದ ಅಲ್ಲಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಹಾಗಾಗಿ ಗೋಡೆ ಎತ್ತ ಹೋದರೆ ಶ್ವಾಸಕೋಶವೂ ಅತ್ತಲೇ. ಗೋಡೆ ಹಿಗ್ಗಿತು, ಒಳಗೆ ಜಾಗವಾಯಿತು, ಗಾಳಿ ಬಂತು. ಗಾಳಿ ಬಂದದ್ದರಿಂದ ಎದೆ ಉಬ್ಬಿತು ಎಂದು ಹುಡುಗರು ತಿಳಿದಿರುತ್ತಾರೆ. ನಡೆಯುವುದು ಅದರ ತಿರುವುಮುರುವು. ಬಲೂನು ಊದಿ ಎದೆ ಬೆಳೆಸುತ್ತೇನೆಂದು ಹೊರಟವನು ಉಸಿರು ಬಿಡುವ ಸ್ನಾಯುಗಳಿಗೆ ವ್ಯಾಯಾಮ ಕೊಡುತ್ತಿರುತ್ತಾನೆ. ಕೆಟ್ಟದ್ದೇನೂ ಅಲ್ಲ, ಆದರೆ ಅವನು ಹುಡುಕುತ್ತಿರುವುದು ಅಲ್ಲಿಲ್ಲ.

ಇನ್ನು ಗೋಡೆ. ಗಂಟಲ ಬುಡದ ತಗ್ಗಿನಲ್ಲಿ ಬೆರಳಿಟ್ಟು ಎದೆಮೂಳೆಯ ಮೇಲೆ ನೇರ ಕೆಳಗೆ ಜಾರಿಸಿ. ಮೂರು ಬೆರಳಷ್ಟು ಇಳಿಯುವಷ್ಟರಲ್ಲಿ ಅಡ್ಡಲಾಗಿ ಒಂದು ಸಣ್ಣ ದಿಬ್ಬ ತಗಲುತ್ತದೆ. ಎದೆಮೂಳೆಯ ಮೇಲ್ತುಂಡು ಕೆಳತುಂಡಿಗೆ ಕೂಡುವ ಜಾಗ ಅದು. ಅಲ್ಲಿಂದ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೆಯ ಪಕ್ಕೆಲುಬು. ಮೊದಲನೆಯದು ಕಾಲರ್ ಎಲುಬಿನ ಮರೆಯಲ್ಲಿ ಅಡಗಿರುವುದರಿಂದ ವೈದ್ಯರು ಎಣಿಕೆ ಶುರುಮಾಡುವುದೇ ಈ ಎರಡರಿಂದ. ಇಸಿಜಿ ತೆಗೆಯುವ ಸಿಸ್ಟರ್ ಎದೆಯ ನಡುವೆ ಬೆರಳಾಡಿಸಿ ಏನನ್ನೋ ಎಣಿಸುವಂತೆ ಕಾಣುತ್ತದಲ್ಲ, ಇದನ್ನೇ. ಮೊದಲೆರಡು ತಂತಿಗಳು ನಾಲ್ಕನೆಯ ಸಂದಿಯಲ್ಲಿ ಕೂರಬೇಕು. ನಮ್ಮ ಟೇಪು ಸುತ್ತುವುದೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ.

ಪಕ್ಕೆಲುಬು ಒಟ್ಟು 12 ಜೊತೆ. ಹಿಂದೆ ಎಲ್ಲವೂ ಬೆನ್ನುಮೂಳೆಗೆ ಕೂಡುತ್ತವೆ. ಮುಂದೆ ಮೊದಲ ಏಳು ಜೊತೆಗೆ ಮಾತ್ರ ಎದೆಮೂಳೆಯ ನೇರ ಸಂಬಂಧ. ಎಂಟು, ಒಂಬತ್ತು, ಹತ್ತು ತಮ್ಮ ಮೇಲಿನದರ ಹೆಗಲಿಗೆ ಕೈ ಹಾಕಿಕೊಂಡಿರುತ್ತವೆ. ಕೊನೆಯ ಎರಡು ಯಾರ ಹಂಗೂ ಇಲ್ಲದೆ ಹೊಟ್ಟೆಯ ಸ್ನಾಯುಗಳ ನಡುವೆ ಬಿಡಿಯಾಗಿ ನಿಂತಿವೆ. ಎಲುಬು ಎದೆಮೂಳೆಯವರೆಗೂ ಎಲುಬಾಗಿ ಬರುವುದಿಲ್ಲ, ಕೊನೆಯ ಕೆಲವು ಬೆರಳಷ್ಟು ಮೃದ್ವಸ್ಥಿ. ಮಟನ್ ಸಾರಿನಲ್ಲಿ ಹಲ್ಲಿಗೆ ಕರುಮ್ ಎನ್ನುವ ಬಿಳಿ ತುಂಡು ಅದೇ. ಚಿಕ್ಕವರಲ್ಲಿ ಅದು ಬಾಗುತ್ತದೆ, ತಿರುಚಿದರೆ ಮರಳುತ್ತದೆ. ವಯಸ್ಸಾದಂತೆ ಸುಣ್ಣ ಕಟ್ಟಿ ಬಿರುಸಾಗುತ್ತದೆ. ನನ್ನ ಎದೆ ಈಗ ಎಷ್ಟು ಹಿಗ್ಗುತ್ತದೆ ಎಂದು ಹುಡುಗರು ಕೇಳುತ್ತಾರೆ. ಕೇಳಲಿ, ಹೇಳುವುದಿಲ್ಲ.

ಪಕ್ಕೆಲುಬು ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿದೆ ಎಂಬುದರಲ್ಲೇ ಇಡೀ ಗುಟ್ಟಿದೆ. ಅದರ ತಲೆ ಬೆನ್ನುಮೂಳೆಯ ಕೀಲಿನಲ್ಲಿ ಸಣ್ಣಗೆ ತಿರುಗಿದರೂ ಸಾಕು, ಮುಂದಿನ ತುದಿ ಮೇಲೇಳುತ್ತದೆ. ಮೇಲೆದ್ದರೆ ತಾನಾಗಿಯೇ ಮುಂದಕ್ಕೂ ಹೋಗುತ್ತದೆ. ಮೇಲಿನ ಪಕ್ಕೆಲುಬುಗಳ ಈ ಆಟಕ್ಕೆ ಪಠ್ಯಪುಸ್ತಕಗಳು ಕೈಪಂಪಿನ ಹಿಡಿಕೆಯ ಹೆಸರಿಟ್ಟಿವೆ. ಕೆಳಗಿನವು ಆಡುವುದು ಬೇರೆ ರೀತಿ. ಬಕೆಟ್ಟಿನ ಬದಿಗೆ ಒರಗಿದ ಹಿಡಿಯನ್ನು ಎತ್ತಿದಂತೆ ಅವು ಪಕ್ಕಕ್ಕೆ ಅಗಲುತ್ತವೆ. ಅದನ್ನು ನೋಡಲು ಎರಡೂ ಅಂಗೈಗಳನ್ನು ಕೊನೆಯ ಪಕ್ಕೆಲುಬುಗಳ ಮೇಲೆ, ಹೆಬ್ಬೆರಳು ಹಿಂದಕ್ಕೆ ಬರುವಂತೆ ಇಟ್ಟು ನಿಧಾನ ಉಸಿರೆಳೆಯಿರಿ. ಅಂಗೈಗಳು ಒಂದರಿಂದ ಒಂದು ದೂರ ಸರಿಯಬೇಕು. ಸರಿಯದೆ ಬರೀ ಹೆಗಲು ಮೇಲೇರಿದರೆ ನಿಮ್ಮ ಉಸಿರಾಟದಲ್ಲಿ ಅರ್ಧ ಮನೆಗೆ ಬೀಗ ಬಿದ್ದಿದೆ. ನಾನು ನೋಡಿದ ಮಟ್ಟಿಗೆ, ಐದು ಸೆಂಟಿಮೀಟರು ಬಾರದವರಲ್ಲಿ ಬಹುಪಾಲು ಇವರೇ.

ಪಕ್ಕೆಲುಬುಗಳನ್ನು ಎತ್ತುವವರು ಯಾರು? ಪ್ರತಿ ಎರಡು ಪಕ್ಕೆಲುಬುಗಳ ನಡುವೆ ಸ್ನಾಯುಗಳ ಪದರಗಳಿವೆ. ಹೊರಪದರದ ಎಳೆಗಳು ಮೇಲಿಂದ ಕೆಳಗೆ ಬರುತ್ತ ಮುಂದಕ್ಕೆ ವಾಲುತ್ತವೆ. ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗ ಬೆರಳುಗಳು ತೋರುವ ದಿಕ್ಕೇ ಅದು, ಪರೀಕ್ಷೆಗೆ ಓದುವಾಗ ನಾವು ಹಾಗೆಯೇ ನೆನಪಿಟ್ಟುಕೊಳ್ಳುತ್ತಿದ್ದೆವು. ಒಳಪದರದ್ದು ಅದಕ್ಕೆ ಅಡ್ಡ ದಿಕ್ಕು. ಹೊರಗಿನದು ಎತ್ತುತ್ತದೆ, ಒಳಗಿನದು ಇಳಿಸುತ್ತದೆ ಎಂದು ಜರ್ಮನಿಯ ಹ್ಯಾಂಬರ್ಗರ್. ಇಲ್ಲ, ಎರಡೂ ಎತ್ತುತ್ತವೆ ಎಂದು ಸ್ವಿಟ್ಜರ್ಲೆಂಡಿನ ಹಾಲರ್. 18ನೆಯ ಶತಮಾನದಲ್ಲಿ ಇಬ್ಬರೂ ಇದಕ್ಕಾಗಿ ದೊಡ್ಡ ಜಗಳವನ್ನೇ ಆಡಿದರು. ಹೆಚ್ಚಿನಂಶ ಹ್ಯಾಂಬರ್ಗರ್‌ನದೇ ಸರಿ. ಆದರೆ ಎದೆಮೂಳೆಯ ಅಕ್ಕಪಕ್ಕದಲ್ಲಿ, ಮೃದ್ವಸ್ಥಿಗಳ ನಡುವೆ ಇರುವ ಒಳಪದರದ ಭಾಗ ಎತ್ತುವ ಕೆಲಸವನ್ನೇ ಮಾಡುತ್ತದೆ. ಒಂದು ಬೆರಳಗಲದ ಸಂದಿಗಾಗಿ ಇಬ್ಬರು ವಿದ್ವಾಂಸರು ಅಷ್ಟು ಕಾದಾಡಿದರು ಎಂದರೆ ನನಗೆ ಖುಷಿ. ನಮ್ಮಲ್ಲಿ ಹೊಲದ ಬದುವಿಗೂ ಅಷ್ಟು ಶ್ರದ್ಧೆಯಿಂದ ಜಗಳವಾಡುವುದಿಲ್ಲ.

ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ಕಾಲುವೆಯಿದೆ. ಅದರಲ್ಲಿ ರಕ್ತನಾಳ, ನರ ಎಲ್ಲ ಒಟ್ಟಿಗೆ ಹರಿಯುತ್ತವೆ. ಎದೆಯಲ್ಲಿ ನೀರು ತುಂಬಿದವರಿಗೆ ಸೂಜಿ ಹಾಕುವ ವೈದ್ಯರು ಅದಕ್ಕಾಗಿಯೇ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡು ಹಾಕುತ್ತಾರೆ, ಕೆಳಗಂಚಿನ ತಂಟೆಗೆ ಹೋಗುವುದಿಲ್ಲ.

ಈಗ ಟೇಪಿನ ಮೋಸಗಳು. ಜಿಮ್ಮಿಗೆ ಹೋಗಿ ಬೆನ್ನು ಬೆಳೆಸಿದ ಹುಡುಗ ಉಸಿರು ಎಳೆಯುವ ನೆಪದಲ್ಲಿ ಕಂಕುಳ ಹಿಂದಿನ ಅಗಲ ಸ್ನಾಯುಗಳನ್ನು ರೆಕ್ಕೆಯ ಹಾಗೆ ಅರಳಿಸುತ್ತಾನೆ. ಟೇಪು ಮೂರ್ನಾಲ್ಕು ಸೆಂಟಿಮೀಟರು ಜಿಗಿಯುತ್ತದೆ, ಒಳಗೆ ಚಮಚೆಯಷ್ಟೂ ಗಾಳಿ ಹೋಗಿರುವುದಿಲ್ಲ. ಅನುಭವಿ ಅಧಿಕಾರಿ ‘ಕೈ ಸಡಿಲ ಬಿಡು, ಹೆಗಲು ಇಳಿಸು’ ಎಂದ ಕ್ಷಣ ಆ ರೆಕ್ಕೆ ಮಡಚಿಕೊಳ್ಳುತ್ತದೆ. ಹಿಂದೆ ಹೆಗಲೆಲುಬಿನ ಕೆಳತುದಿಗೆ ತಾಗಿ, ಮುಂದೆ ಮೊಲೆತೊಟ್ಟಿನ ಮಟ್ಟದಲ್ಲಿ, ಸುತ್ತಲೂ ಸಮನಾಗಿ ಟೇಪು ಕೂತರೆ ಇಂಥ ಆಟ ನಡೆಯುವುದು ಕಷ್ಟ. ಇನ್ನು ಕೆಲವರು ಸರದಿ ಬರುವ ಮೊದಲೇ ಎದೆ ಉಬ್ಬಿಸಿ, ಬಿಗಿಹಿಡಿದು ನಿಂತಿರುತ್ತಾರೆ. ಪಾಪ, ಅವರಿಗೆ ಹಿಗ್ಗಲು ಉಳಿದಿರುವುದೇ ಒಂದೆರಡು ಸೆಂಟಿಮೀಟರು. ಐದು ಸೆಂಟಿಮೀಟರು ಎಂಬುದು ಮೇಲಿನ ಅಳತೆಯೊಂದೇ ಅಲ್ಲ, ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಅಂತರ. ಕೆಳಗೆ ಇಳಿಯದವನು ಮೇಲೆ ಏರುವುದೆಲ್ಲಿ?

ಹೀಗಾಗಿ ನನ್ನ ಮೈದಾನದಲ್ಲಿ ಮೊದಲ ಪಾಠವೇ ಉಸಿರು ಬಿಡುವುದು. ಸುಮ್ಮನೆ ಕೂತಾಗ ಉಸಿರು ಬಿಡಲು ಯಾವ ಸ್ನಾಯುವೂ ದುಡಿಯಬೇಕಾಗಿಲ್ಲ. ಹಿಗ್ಗಿದ್ದು ತಾನಾಗಿ ಕುಗ್ಗಿ ಅರ್ಧ ಲೀಟರಿನಷ್ಟು ಗಾಳಿ ಹೊರಗೆ ಬರುತ್ತದೆ. ಆದರೆ ಅಲ್ಲಿಗೆ ಒಳಗಿರುವುದೆಲ್ಲ ಖಾಲಿಯಾಗಲಿಲ್ಲ. ಹೊಟ್ಟೆಯನ್ನು ಬೆನ್ನಿಗೆ ಹತ್ತಿಸುವಂತೆ ಒಳಗೆಳೆದುಕೊಂಡರೆ ಹೊಟ್ಟೆಯ ನಾಲ್ಕು ಸ್ನಾಯುಗಳು ಪಕ್ಕೆಲುಬುಗಳನ್ನು ಕೆಳಕ್ಕೆ ಜಗ್ಗುತ್ತವೆ, ಪಕ್ಕೆಗಳ ಒಳಪದರವೂ ಕೈಜೋಡಿಸುತ್ತದೆ, ಇನ್ನೂ ಒಂದು ಲೀಟರಿನಷ್ಟು ಹೊರಬೀಳುತ್ತದೆ. ಎಷ್ಟು ಹಿಂಡಿದರೂ ಹೊರಬಾರದ ಲೀಟರಿಗೂ ಮಿಕ್ಕ ಗಾಳಿ ಒಳಗೆ ಉಳಿದೇ ಇರುತ್ತದೆ, ಅದು ಉಳಿಯಬೇಕಾದದ್ದೇ. ಹೀಗೆ ಪೂರ್ತಿ ಇಳಿದು, ನಂತರ ಮೂಗಿನಿಂದ ಎಳೆಯುತ್ತ ಮೊದಲು ಕೆಳಗಿನ ಪಕ್ಕೆ, ಆಮೇಲೆ ಮೇಲಿನದು ಎಂಬ ಕ್ರಮದಲ್ಲಿ ಏರಿದ ಹುಡುಗನಿಗೆ ನಾಲ್ಕು ಇದ್ದದ್ದು ಐದೂವರೆ ಆಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಡಬ್ಬಿ ಪುಡಿಯ ದುಡ್ಡು ಉಳಿಯಿತು.

ಒಬ್ಬ ಹುಡುಗನಿಗೆ ಮಾತ್ರ ಇದ್ಯಾವುದೂ ಕೆಲಸಕ್ಕೆ ಬರಲಿಲ್ಲ. ತುಂಗಭದ್ರೆಯ ದಂಡೆಯ ಊರಿನವನು, ಓಟದಲ್ಲಿ ಚುರುಕು, ಮೈಕಟ್ಟೂ ಚೆನ್ನ. ಟೇಪು ಹಾಕಿದರೆ ಎರಡು ಸೆಂಟಿಮೀಟರು ದಾಟಲಿಲ್ಲ. ‘ಬಿಡು, ಇನ್ನೂ ಬಿಡು, ಈಗ ಎಳೆ’ ಎಂದರೂ ಅಷ್ಟೇ. ಸಾಲಿನಲ್ಲಿದ್ದವರು ನಕ್ಕರು. ನಾನು ಹಿಂದೆ ಹೋಗಿ ಅವನ ಬೆನ್ನ ಮೇಲೆ ಎರಡೂ ಅಂಗೈ ಇಟ್ಟು ಉಸಿರೆಳೆಯಲು ಹೇಳಿದೆ. ಹೊಟ್ಟೆ ಮುಂದೆ ಬಂತು. ಬೆನ್ನ ಹಿಂದೆ ನನ್ನ ಹೆಬ್ಬೆರಳುಗಳು ಇದ್ದಲ್ಲಿಂದ ಅಲುಗಲಿಲ್ಲ. ಮುಂದಕ್ಕೆ ಬಗ್ಗು ಎಂದರೆ ಸೊಂಟದಲ್ಲಿ ಬಗ್ಗಿದ, ಬೆನ್ನು ಹಲಗೆಯಂತೆ ನೆಟ್ಟಗೇ ಇತ್ತು.

‘ಬೆಳಿಗ್ಗೆ ಏಳುವಾಗ ಹೇಗಿರುತ್ತದೆ?’ ಎಂದು ಪಕ್ಕಕ್ಕೆ ಕರೆದು ಕೇಳಿದೆ.

‘ಎದ್ದ ಮೇಲೆ ಒಂದು ಗಂಟೆ ಸೊಂಟ ಬಿಡುವುದಿಲ್ಲ ಸರ್. ನಸುಕಿನಲ್ಲಿ ನೋವಿಗೇ ಎಚ್ಚರವಾಗುತ್ತದೆ. ಇಲ್ಲಿಗೆ ಬಂದು ಎರಡು ಸುತ್ತು ಓಡಿದರೆ ಸರಿಹೋಗುತ್ತದೆ.’

ಆ ಕೊನೆಯ ಮಾತಿಗೆ ನನ್ನ ಕಿವಿ ನಿಮಿರಿತು. ದುಡಿದು ಬಂದ ಬೆನ್ನುನೋವು ಮಲಗಿದರೆ ತಗ್ಗುತ್ತದೆ, ದುಡಿದರೆ ಏರುತ್ತದೆ. ಮಲಗಿದರೆ ಏರಿ, ಓಡಿದರೆ ತಗ್ಗುವ ನೋವಿನ ಜಾತಿಯೇ ಬೇರೆ. ನನ್ನ ಸಹೋದ್ಯೋಗಿಯೊಬ್ಬರು ಇದನ್ನೇ ವರ್ಷಗಟ್ಟಲೆ ಅನುಭವಿಸಿ, ಕೊನೆಗೆ ಕತ್ತು ತಿರುಗಿಸಲಾಗದೆ ಮೈಯನ್ನೇ ತಿರುಗಿಸಿ ಮಾತಾಡುತ್ತಿದ್ದರು. ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್. ರೋಗನಿರೋಧಕ ವ್ಯವಸ್ಥೆಯೇ ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ಹೆಚ್ಚಾಗಿ ಹರೆಯದಲ್ಲೇ ಶುರು. ಸೊಂಟದ ಕೀಲಿನಿಂದ ಮೇಲಕ್ಕೆ ಹತ್ತುತ್ತ ಪಕ್ಕೆಲುಬುಗಳು ಬೆನ್ನಿಗೆ ಕೂಡುವ ಕೀಲುಗಳಿಗೂ ಹಬ್ಬಿದರೆ ಎದೆಗೂಡು ಬಿಗಿದುಕೊಳ್ಳುತ್ತದೆ. ನಾಲ್ಕನೆಯ ಪಕ್ಕೆಸಂದಿಯ ಮಟ್ಟದಲ್ಲಿ ಎದೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಹಿಗ್ಗಿದರೆ ವೈದ್ಯರ ಅನುಮಾನ ಬಲವಾಗುತ್ತದೆ. ಅವರು ಬಳಸುವುದೂ ಇದೇ ಟೇಪು.

ರೋಗ ಇದೇ ಎಂದು ಹೇಳಲು ನಾನು ಯಾರು? ಕೀಲುರೋಗದ ತಜ್ಞರ ಹತ್ತಿರ ಹೋಗು ಎಂದಷ್ಟೇ ಹೇಳಿ, ಅವನ ಅಪ್ಪನಿಗೂ ಫೋನು ಮಾಡಿದೆ. ‘ಓಡುವ ಹುಡುಗನಿಗೆ ಎಂಥ ಕಾಯಿಲೆ ಸರ್?’ ಎಂದು ಅವರು ನಂಬಲೇ ಇಲ್ಲ. ಅದಾಗಲೇ ಎಣ್ಣೆ ತಿಕ್ಕಿಸಿ, ಸೂಜಿ ಚುಚ್ಚಿಸಿ, ದೇವರಿಗೆ ಕಾಯಿ ಕಟ್ಟಿ ಆಗಿತ್ತು. ಕಡೆಗೆ ಹೋದರು. ಸೊಂಟದ ಕೀಲಿನ ಎಂಆರ್‌ಐ, ರಕ್ತಪರೀಕ್ಷೆ ಆದ ಮೇಲೆ ಅದೇ ಕಾಯಿಲೆಯೆಂದು ಹೊರಬಿತ್ತು. ಈಗ ಮಾತ್ರೆ, ಜೊತೆಗೆ ದಿನವೂ ಬೆನ್ನು ಚಾಚುವ ಮತ್ತು ಆಳ ಉಸಿರಿನ ವ್ಯಾಯಾಮ; ಈ ಕಾಯಿಲೆಯಲ್ಲಿ ವ್ಯಾಯಾಮವೂ ಔಷಧಿಯ ಲೆಕ್ಕವೇ. ಪೊಲೀಸ್ ಆಸೆ ಬಿಟ್ಟು ಎದೆ ಅಳೆಯದ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಎದೆಯಳತೆಯ ನಿಯಮ ಹಳೇಕಾಲದ್ದು, ತೆಗೆದುಹಾಕಬೇಕು ಎಂದು ಗೆಳೆಯರು ವಾದಿಸಿದಾಗ ನಾನು ಪೂರ್ತಿ ಒಪ್ಪದಿರುವುದು ಈ ಹುಡುಗನ ಕಾರಣಕ್ಕೆ. ಉದ್ಯೋಗಕ್ಕೆ ಅದು ಎಷ್ಟು ಬೇಕೋ ಬಿಡಿ, ಇಪ್ಪತ್ತರ ಹುಡುಗರ ಬೆನ್ನನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ.

ಹಾಗೆಂದು ಟೇಪನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಯೂ ಇಲ್ಲ. ಉಸಿರಾಟದ ದೊಡ್ಡ ಯಜಮಾನ ಟೇಪಿಗೆ ಸಿಗುವುದೇ ಇಲ್ಲ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದ ಆಕಾರದಲ್ಲಿ ಕವಿದಿರುವ ವಪೆ ಅದು. ಅಂಚುಗಳು ಎದೆಮೂಳೆಯ ತುದಿಗೆ, ಕೆಳಗಿನ ಆರು ಪಕ್ಕೆಲುಬುಗಳಿಗೆ, ಹಿಂದೆ ಸೊಂಟದ ಮೂಳೆಮಣಿಗಳಿಗೆ ಹಿಡಿದುಕೊಂಡಿವೆ. ನಡುವೆ ಬಿಳಿಯ ಗಟ್ಟಿ ಪೊರೆ. ಸ್ನಾಯು ಬಿಗಿದಾಗ ಗುಮ್ಮಟ ಕೆಳಗಿಳಿದು ಹೊಟ್ಟೆಯನ್ನು ಮುಂದೆ ತಳ್ಳುತ್ತದೆ. ಸಾಧಾರಣ ಉಸಿರಿಗೆ ಒಂದೂವರೆ ಸೆಂಟಿಮೀಟರಿನ ಆಸುಪಾಸು ಇಳಿದರೆ, ಆಳವಾದ ಉಸಿರಿಗೆ ಅದರ ನಾಲ್ಕೈದು ಪಟ್ಟು ಇಳಿಯಬಲ್ಲದು. ಕೂತಾಗ ನಿಮಿಷಕ್ಕೆ ಆರೆಂಟು ಲೀಟರು ಗಾಳಿ ಸಾಕಾಗುವ ದೇಹ, 1600 ಮೀಟರಿನ ಕೊನೆಯ ಸುತ್ತಿನಲ್ಲಿ ನೂರು ಲೀಟರು ದಾಟಿ ಬೇಡುತ್ತದೆ. ಆ ಹೊತ್ತಿಗೆ ಎದೆ ಸೆಟೆಸಿ, ಹೊಟ್ಟೆ ಬಿಗಿಹಿಡಿದು ಓಡುವವನ ವಪೆಗೆ ಇಳಿಯಲು ಜಾಗವೇ ಇರುವುದಿಲ್ಲ.

ವಪೆಯನ್ನು ಆಡಿಸುವ ಫ್ರೆನಿಕ್ ನರ ಹೊರಡುವುದು ಕುತ್ತಿಗೆಯಿಂದ, ಮೂರರಿಂದ ಐದನೆಯ ಮಟ್ಟದ ನರಬೇರುಗಳಿಂದ. ಗರ್ಭದಲ್ಲಿ ವಪೆ ಮೊದಲು ಮೊಳೆಯುವುದು ಕತ್ತಿನ ಮಟ್ಟದಲ್ಲೇ. ಕೆಳಗಿಳಿಯುವಾಗ ನರವನ್ನೂ ಎಳೆದುಕೊಂಡು ಬರುತ್ತದೆ. ಇದನ್ನು ಹುಡುಗರಿಗೆ ಹೇಳಲು ಕಾರಣವಿದೆ. ಬೇಸಿಗೆಯಲ್ಲಿ ಇವರೆಲ್ಲ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಗೆ (ಎಚ್‌ಎಲ್‌ಸಿ), ಹೊಲದ ಬಾವಿಗೆ ತಲೆ ಮುಂದೆ ಮಾಡಿ ಹಾರುವವರು. ನೀರು ಕಡಿಮೆಯಿದ್ದು ಕತ್ತು ಮುರಿದರೆ, ಪೆಟ್ಟು ಆ ಬೇರುಗಳಿಗಿಂತ ಕೆಳಗಿದ್ದಾಗ ಕೈಕಾಲು ಹೋದರೂ ವಪೆ ಉಸಿರಾಡಿಸುತ್ತದೆ. ಮೇಲಿದ್ದರೆ ಅದೂ ಇಲ್ಲ. ಕಾಲು ಮುಂದೆ ಮಾಡಿ ಹಾರಿ, ಇಲ್ಲವೇ ಮೆಟ್ಟಿಲಿಳಿದು ಹೋಗಿ.

ಓಟ ಮುಗಿಸಿ ಮೊಣಕಾಲಿಗೆ ಕೈಯೂರಿ ಬಗ್ಗಿ ನಿಲ್ಲುವವರನ್ನು ಕೆಲವು ತರಬೇತುದಾರರು ಬೈಯುತ್ತಾರೆ. ನಾನು ಬೈಯುವುದಿಲ್ಲ. ಕೈ ಊರಿದಾಗ ಹೆಗಲು ಗಟ್ಟಿಯಾಗಿ ನಿಲ್ಲುತ್ತದೆ. ಆಗ ಎದೆಯ ಮೇಲಿನ ದಪ್ಪ ಸ್ನಾಯುಗಳು ಕೈಯನ್ನು ಎಳೆಯುವ ಬದಲು ಪಕ್ಕೆಲುಬುಗಳನ್ನು ಎತ್ತತೊಡಗುತ್ತವೆ. ಕತ್ತಿನ ಸ್ನಾಯುಗಳು ಮೊದಲೆರಡು ಪಕ್ಕೆಲುಬುಗಳನ್ನೂ ಎದೆಮೂಳೆಯನ್ನೂ ಮೇಲಕ್ಕೆ ಜಗ್ಗುತ್ತವೆ. ದೇಹಕ್ಕೆ ಯಾರೂ ಕಲಿಸದ ವಿದ್ಯೆ. ದಮ್ಮಿನವರು ರಾತ್ರಿಯೆಲ್ಲ ದಿಂಬಿಗೆ ಕೈಯೂರಿ ಕೂರುವುದೂ ಇದಕ್ಕೇ. ಇಪ್ಪತ್ತರ ಹುಡುಗನಿಗೆ ಎರಡು ನಿಮಿಷದಲ್ಲಿ ಇಳಿಯುವುದು ಅವರಿಗೆ ಇಳಿಯುವುದಿಲ್ಲ.

ನಮ್ಮ ಓಣಿಯಲ್ಲಿ ಅದಿರು ಲಾರಿ ಓಡಿಸಿ, ಬೀಡಿ ಸೇದಿ ಮುದುಕರಾದ ಹಿರಿಯರೊಬ್ಬರಿದ್ದಾರೆ. ಪೀಪಾಯಿಯಂಥ ಎದೆ. ‘ನಿಮ್ಮ ಹುಡುಗರನ್ನು ಕರೆತನ್ನಿ ಮಾಸ್ತರೇ, ಎದೆ ಎಂದರೆ ಏನೆಂದು ತೋರಿಸುತ್ತೇನೆ’ ಎನ್ನುತ್ತಾರೆ. ಒಳಗೆ ಹೋದ ಗಾಳಿ ಹೊರಬಾರದೆ ಸಿಕ್ಕಿಕೊಂಡು, ಅವರ ಎದೆ ಸದಾ ಉಬ್ಬಿದ ಸ್ಥಿತಿಯಲ್ಲೇ ನಿಂತಿದೆ. ವಪೆ ಚಪ್ಪಟೆಯಾಗಿದೆ, ಅದು ಬಿಗಿದರೆ ಕೆಳಗಿನ ಪಕ್ಕೆಲುಬುಗಳು ಅಗಲುವ ಬದಲು ಒಳಕ್ಕೆ ಸೇದಿಕೊಳ್ಳುತ್ತವೆ. ವೈದ್ಯರು ಇದನ್ನು ಹೂವರ್ ಚಿಹ್ನೆ ಎನ್ನುತ್ತಾರೆ. ಅಂಗಿ ಬಿಚ್ಚಿ ಕಟ್ಟೆಯ ಮೇಲೆ ಕೂತ ಅವರಲ್ಲಿ ನಾನು ಅದನ್ನು ದಿನವೂ ಕಾಣುತ್ತೇನೆ. ಅಳತೆ ಹಿಡಿದರೆ 86ನ್ನು ಲೀಲಾಜಾಲವಾಗಿ ದಾಟುತ್ತಾರೆ. ಐದರ ಮಾತು ಎತ್ತುವಂತಿಲ್ಲ.

ಹೆಣ್ಣುಮಕ್ಕಳಿಗೆ ಈ ಅಳತೆ ಇಲ್ಲ. ‘ನಮಗೇಕಿಲ್ಲ ಸರ್?’ ಎಂದು ಒಬ್ಬಳು ಕೇಳಿದ್ದಳು. ಪ್ರಶ್ನೆ ಕೇಳಿದ ಧೈರ್ಯಕ್ಕೆ ಮೆಚ್ಚಿ ಒಂದು ಸಂಗತಿ ಹೇಳಿದೆ. ಬಸಿರಿನಲ್ಲಿ ವಪೆ ನಾಲ್ಕು ಸೆಂಟಿಮೀಟರಿನಷ್ಟು ಮೇಲೇರುತ್ತದೆ. ಅದನ್ನು ಸರಿದೂಗಿಸಲು ಹೆಂಗಸರ ಎದೆಗೂಡಿನ ಸುತ್ತಳತೆ ತಾನಾಗಿಯೇ ಐದರಿಂದ ಏಳು ಸೆಂಟಿಮೀಟರು ಹಿಗ್ಗುತ್ತದೆ. ಗಂಡುಹುಡುಗರು ಅರೆಗಳಿಗೆ ಹಿಡಿದು ತೋರಿಸಲು ಒದ್ದಾಡುವುದನ್ನು ಅವರು ತಿಂಗಳುಗಟ್ಟಲೆ ಹೊತ್ತು ನಡೆಯುತ್ತಾರೆ. ಅವಳು ಅದನ್ನು ಸಾಲಿನಲ್ಲಿದ್ದ ಹುಡುಗರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು.

ಅಳತೆಯ ದಿನಕ್ಕೆ ಇಷ್ಟು ಸಾಕು. ಹಿಂದಿನ ವಾರದಲ್ಲಿ ಎದೆಗೆ, ಬೆನ್ನಿಗೆ ಭಾರದ ವ್ಯಾಯಾಮ ಬೇಡ, ಬಿಗಿದ ಸ್ನಾಯು ಅಡ್ಡ ಬರುತ್ತದೆ. ನೆಲದ ಮೇಲೆ ಅಂಗಾತ ಮಲಗಿ, ಬೆನ್ನ ನಡುವೆ ಸುತ್ತಿದ ಟವೆಲ್ ಇಟ್ಟುಕೊಂಡು ಕೈಗಳನ್ನು ತಲೆಯ ಹಿಂದಕ್ಕೆ ಚಾಚಿ ಹತ್ತಾರು ನಿಧಾನ ಉಸಿರು. ಟೇಪು ಮೈಗೆ ತಾಗಿದಾಗ ಹೊಟ್ಟೆಯನ್ನು ಒಳಕ್ಕೆಳೆದು ಉಸಿರು ಪೂರ್ತಿ ಬಿಡಿ, ಆಮೇಲೆ ಅವಸರವಿಲ್ಲದೆ ಏರಿ. ತುಂಬಿದ ಹೊಟ್ಟೆಯ ಮೇಲೆ ವಪೆ ಇಳಿಯಲಾರದು, ಆದ್ದರಿಂದ ಗೇಟಿನ ಹೊರಗೆ ಎಷ್ಟೇ ಘಮಘಮಿಸಲಿ, ಒಗ್ಗರಣೆ ಮಿರ್ಚಿ ಓಟ ಮುಗಿದ ಮೇಲೆ. ಆಗ ಬೇಕಾದರೆ ನನಗೂ ಒಂದು ಪ್ಲೇಟು ಹೇಳಿ.